ಒಂದು ಗೇಣು ಹೆಚ್ಚಾದ ಮೇಜು

ಟಿ.ಬಿ. ಡ್ಯಾಂ
15 ಜೂನ್ 1997

ವಿರುಪಕ್ಕಾ,

ಅಕ್ಷರ ನೋಡಿ ಇದು ಚೆನ್ನಿಯದಲ್ಲ ಎಂದುಕೊಳ್ಳಬೇಡ. ನನ್ನದೇ. ಇವತ್ತು ಭಾನುವಾರ, ಕೈಗೆ ರಜೆ ಸಿಕ್ಕಿದೆ. ಆ ಸೊಕ್ಕಿಗೆ ಸಾಲು ಬಿಟ್ಟು ಓಡುತ್ತಿದೆ.

ಜಲಸಿರಿ ಕಂಪ್ಯೂಟರ್ ಸೆಂಟರಿಗೆ ಸೇರಿ ವರ್ಷವಾಯಿತು. ಆರು ಹೆಂಗಸರು, ಆರು ಕಂಪ್ಯೂಟರು. ಕಾಲುವೆ ಅಚ್ಚುಕಟ್ಟಿನ ಹಳೆಯ ದಫ್ತರುಗಳನ್ನೆಲ್ಲ ನೋಡಿಕೊಂಡು ಟೈಪ್ ಹೊಡೆಯುವುದು ನಮ್ಮ ಕೆಲಸ. ಯಾರ ಹೊಲ, ಯಾವ ತೂಬಿನ ನೀರು, ಯಾವ ಬೆಳೆ. ಮೊನ್ನೆ ನಿಮ್ಮ ಕಂಪ್ಲಿಯ ಪುಟಗಳು ಬಂದವು. ಜಡೆಪ್ಪ ಭಾವನ ಹೆಸರನ್ನು ನಾನೇ ಹೊಡೆದೆ. ನಿನ್ನ ಹೆಸರಿಗಾಗಿ ಹಿಂದೆ ಮುಂದೆ ಹುಡುಕಿದೆ, ಎಲ್ಲೂ ಇಲ್ಲ. ಇಪ್ಪತ್ತು ವರ್ಷ ಆ ಗದ್ದೆಯಲ್ಲಿ ನಾಟಿ ಮಾಡಿದವಳು ಯಾರು ಎಂದು ಕೇಳುವ ಕಾಲಂ ಅವರು ಮಾಡಿಯೇ ಇಲ್ಲ.

ಪಕ್ಕದ ಮೇಜಿನಲ್ಲಿ ಗಂಗಾಬಾಯಿ, ಆ ಕಡೆ ಬಸಕ್ಕ. ಗಂಗಾಬಾಯಿ ಅರ್ಚಕರ ಮನೆಯವರು, ಕೀಲಿಮಣೆಗೆ ಕುಂಕುಮ ಹಚ್ಚದೆ ಕೂರುವವರಲ್ಲ. ಬಸಕ್ಕ ನಗಿಸಿ ನಗಿಸಿ ನಮ್ಮ ತಪ್ಪು ಹೆಚ್ಚಿಸುತ್ತಾಳೆ. ದಿನ ಹೋಗುವುದು ಗೊತ್ತಾಗುವುದಿಲ್ಲ.

ಬಲಗೈ ಸ್ವಲ್ಪ ಜೋಮು ಹಿಡಿಯುತ್ತದೆ. ಅಂಥದ್ದೇನಿಲ್ಲ. ಸಂಜೆಯಾದಾಗ ಮಾತ್ರ ಅನಿಸುತ್ತದೆ, ಈ ಕುರ್ಚಿಯನ್ನು ಯಾರಾದರೂ ಕೇಳಿದರೆ ಅರಿಶಿನ ಕುಂಕುಮ ಕೊಟ್ಟು, ಉಡಿ ತುಂಬಿ ಕೂರಿಸಿಬಿಡೋಣ ಎಂದು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನಾನೇ ಕೂತಿರುತ್ತೇನೆ.

ನಿನ್ನ ಮಗಳು ಹೊಳೆಮ್ಮನ ಕಂಪ್ಯೂಟರ್ ಕೋರ್ಸು ಎಲ್ಲಿಗೆ ಬಂತು? ಬರೆ.

ನಿನ್ನ
ಚೆನ್ನಬಸಮ್ಮ

*

ಕಂಪ್ಲಿ
24 ಜೂನ್ 1997

ಚೆನ್ನೀ,

ನಿನ್ನ ಕಾಗದ ಓದಿಸಲು ಹೊಳೆಮ್ಮನನ್ನು ಕರೆಯಬೇಕಾಯಿತು. ನಾನು ಓದಿದ್ದು ಏಳನೇ ಇಯತ್ತೆಯಾದರೂ ನಿನ್ನ ಅಕ್ಷರ ಕತ್ತಲಲ್ಲೂ ಗುರುತಿಸುತ್ತಿದ್ದೆ. ಇದು ಕೋಳಿ ಕೆದರಿದ ಹಾಗಿದೆ. "ಜೋಮು" ಎಂದು ಬರೆದಿದ್ದೀಯಲ್ಲ, ಆ ಪದವನ್ನೇ ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದಿದ್ದೀ.

ಔಡಲೆಣ್ಣೆ ಬಿಸಿ ಮಾಡಿ ತಿಕ್ಕು. ಲಕ್ಕಿ ಸೊಪ್ಪು ಕುದಿಸಿದ ನೀರಲ್ಲಿ ಕೈ ಇಳಿಬಿಡು. ತಣ್ಣೀರು ಮುಟ್ಟಬೇಡ. ಅಷ್ಟಕ್ಕೂ ನಿನಗೆ ಆ ಕೆಲಸ ಯಾಕೆ ಬೇಕು? ನಿನ್ನ ಗಂಡ ಗುಡ್ಡಪ್ಪನಿಗೆ ಡ್ಯಾಮಿನ ವರ್ಕ್‌ಷಾಪಿನಲ್ಲಿ ಕಾಯಂ ನೌಕರಿ ಇದೆ, ಕ್ವಾರ್ಟರ್ಸ್ ಇದೆ. ಕೈ ಹೋದ ಮೇಲೆ ಕುರ್ಚಿ ಇಟ್ಟುಕೊಂಡು ಏನು ಮಾಡುತ್ತೀ?

ಹೊಳೆಮ್ಮನ ಕೋರ್ಸು ಮುಗಿಯಿತು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಬಡಿದಿದ್ದಾಳೆ. ನಿಮ್ಮ ಭಾವನಿಗೆ ವಡ್ಡು ಊರಿನ ಒಂದು ಸಂಬಂಧ ಹಿಡಿಸಿದೆ. ಹುಡುಗ ಉಕ್ಕಿನ ಕಾರ್ಖಾನೆಯ ಕೆಲಸದಲ್ಲಿದ್ದಾನಂತೆ. ಇವಳು ಒಲ್ಲೆ ಎಂದು ಕೂತಿದ್ದಾಳೆ.

ನಿಮ್ಮ ಆಫೀಸು ಡ್ಯಾಮಿನ ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ? ನಿಮ್ಮ ಸಾಹೇಬರ ಹೆಸರೇನು? ಸುಮ್ಮನೆ ಕೇಳಿದೆ.

ವಿರುಪಮ್ಮ

*

ಟಿ.ಬಿ. ಡ್ಯಾಂ
20 ಜುಲೈ 1997

ಅಕ್ಕಾ,

ಔಡಲೆಣ್ಣೆ ಹಚ್ಚಿದೆ. ಕೀಲಿಮಣೆಗೂ ಹತ್ತಿತು, ಬೈಸಿಕೊಂಡೆ. ನೋವು ಹೋಗಲಿಲ್ಲ.

ಜೋಮು ಎಂದು ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಬೆಳಿಗ್ಗೆ ಏಳುವಾಗ ನನ್ನವಾಗಿರುವುದಿಲ್ಲ. ಚುರುಚುರು ಎನ್ನುತ್ತ ನಿಧಾನವಾಗಿ ವಾಪಸು ಬರುತ್ತವೆ. ಕಿರುಬೆರಳೊಂದು ನೆಟ್ಟಗಿದೆ, ಪಕ್ಕದ ಮನೆಗೆ ಕಳ್ಳರು ನುಗ್ಗಿದಾಗ ಕದ ಹಾಕಿಕೊಂಡು ಕೂತವರ ಹಾಗೆ. ಕುಪ್ಪಸದ ಹುಕ್ಕು ಕೈಗೆ ಸಿಗುವುದಿಲ್ಲ. ನೀರಿನ ಲೋಟ ಹಿಡಿದಿದ್ದೇನೆಂದುಕೊಂಡಿರುತ್ತೇನೆ, ಅದು ನೆಲದ ಮೇಲೆ ಇರುತ್ತದೆ. ರೊಟ್ಟಿ ಈಗ ನಮ್ಮವರೇ ತಟ್ಟುತ್ತಾರೆ. ನಿನ್ನೆಯದು ಸಂಡೂರು ತಾಲ್ಲೂಕಿನ ನಕ್ಷೆಯಂತಿತ್ತು, ಗುಡ್ಡಗಳು ಸಮೇತ.

ಹೊಸಪೇಟೆಯಲ್ಲಿ ಡಾಕ್ಟರಿಗೆ ತೋರಿಸಿದೆ. ನನ್ನ ಎರಡೂ ಕೈಗಳನ್ನು ಬಗ್ಗಿಸಿ ಬೆನ್ನಿಗೆ ಬೆನ್ನು ಹಚ್ಚಿ ಹಿಡಿಸಿದರು. ಸ್ವಲ್ಪ ಹೊತ್ತಿಗೇ ಬೆರಳು ಸತ್ತವು.

"ಮುಂಗೈ ಕೀಲಿನಾಗ ಒಂದು ಸಣ್ಣ ತೂಬು ಐತಿ ಅಂತ ತಿಳ್ಕೊಳ್ರಮ್ಮ," ಎಂದರು. "ಬೆರಳು ಎಳೆಯೋ ಹುರಿಗಳು, ಒಂದು ನರ, ಎಲ್ಲಾ ಅದರಾಗ ಹಾಯಬೇಕು. ಹುರಿ ಬಾತಾವು, ನರಕ್ಕ ಜಾಗಿಲ್ಲ. ಏನು ಕೆಲಸ ಮಾಡ್ತೀರಿ?"

ಹೇಳಿದೆ. ಹೇಗೆ ಕೂರುತ್ತೀರಿ ತೋರಿಸಿ ಎಂದರು. ತೋರಿಸಿದೆ. ತಲೆ ಕೊಡವಿದರು.

ನಮ್ಮ ಮೇಜುಗಳ ಕಥೆ ನಿನಗೆ ಹೇಳಿಲ್ಲ. ಸೆಂಟರ್ ಇರುವುದು ಹಳೆಯ ಬಾಡಿಗೆ ಹಾಲಿನಲ್ಲಿ. ಹಿಂದೆ ಅಲ್ಲಿ ನಕ್ಷೆ ಬರೆಯುವವರು ನಿಂತುಕೊಂಡು ಕೆಲಸ ಮಾಡುತ್ತಿದ್ದರಂತೆ, ಮೇಜುಗಳು ಅವರ ಅಳತೆಯವು. ನಮಗೆ ಕೊಟ್ಟಿರುವುದು ಸಾಧಾರಣ ಕುರ್ಚಿ. ಕೂತರೆ ಕೀಲಿಮಣೆ ಎದೆಮಟ್ಟಕ್ಕೆ ಬರುತ್ತದೆ. ಮುಂಗೈ ಮೇಲಕ್ಕೆ ಮಡಚಿಕೊಂಡೇ ಹೊಡೆಯಬೇಕು, ಅಂಚು ನರವನ್ನೇ ಒತ್ತುತ್ತದೆ. ಕೆಳಗೆ ಕೌದಿ ಮಡಚಿ ಹಾಕಿಕೊಂಡರೆ ಕಾಲು ನೆಲಕ್ಕೆ ಮುಟ್ಟದೆ ಅವೂ ಜೋಮು. ಸಾಲದ್ದಕ್ಕೆ ನಾನು ಕೈ ತಿದ್ದಿದ್ದು ಕಬ್ಬಿಣದ ಟೈಪ್‌ರೈಟರಿನ ಮೇಲೆ, ಈಗಲೂ ಕುಟ್ಟಿ ಹೊಡೆಯುತ್ತೇನೆ. ಆದರೆ ಟೈಪ್‌ರೈಟರಿಗೆ ದಯೆಯಿತ್ತು ಅಕ್ಕಾ. ಸಾಲು ಮುಗಿದರೆ ಗಾಡಿ ತಳ್ಳಬೇಕು, ಹಾಳೆ ಮುಗಿದರೆ ಕಾರ್ಬನ್ ಬದಲಿಸಬೇಕು, ಅಷ್ಟರಲ್ಲಿ ಕೈ ಉಸಿರಾಡುತ್ತಿತ್ತು. ಇದಕ್ಕೆ ಸಾಲೇ ಮುಗಿಯುವುದಿಲ್ಲ.

ಮಾಲೀಕರು ತಿರುಮಲ ಸಾರ್. ಡಾಕ್ಟರ ಚೀಟಿ ಹಿಡಿದು ಅವರ ಕೋಣೆಗೆ ಹೋದೆ. ತಗ್ಗಿನ ಮೇಜು ಕೊಡಿ ಎಂದೆ.

"ಮನ್ಯಾಗ ಮುಸುರಿ ತಿಕ್ಕಿ ಕೈ ನೋಯಿಸ್ಕಂಡು ಬಂದು ಕಂಪ್ಯೂಟರ್ ಮ್ಯಾಲೆ ಹಾಕ್ತೀರಲ್ರಿ ಚೆನ್ನಬಸಮ್ಮ."

"ಮುಸುರಿ ಸಣ್ಣಾಕಿ ಇದ್ದಾಗಿಂದ ತಿಕ್ಕೇನ್ರಿ ಸಾರ್. ಕೈ ಹಿಂಗಾಗಿದ್ದು ನಿಮ್ಮ ಮೇಜಿಗೆ ಬಂದ ಮ್ಯಾಲೆ."

ಆಗ ಪೂಜೆಯ ಮಾತು ತೆಗೆದರು. ಯಂತ್ರಗಳನ್ನು ತಂದ ದಿನ ಮುಹೂರ್ತ ನೋಡಿ, ಪೂರ್ವಕ್ಕೆ ಮುಖ ಮಾಡಿಸಿ, ತೆಂಗಿನಕಾಯಿ ಒಡೆದು ಕೂರಿಸಿದ್ದಾರೆ. ಪೂಜೆಯಾದ ಜಾಗದಿಂದ ಕದಲಿಸಬಾರದಂತೆ. ಒಮ್ಮೆ ಮೂಲೆಯದೊಂದನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದ್ದಕ್ಕೆ ಮರುದಿನವೇ ಸತ್ತುಹೋಯಿತಂತೆ. ಅವತ್ತು ಕರೆಂಟು ಏರಿ ಇಡೀ ಓಣಿಯ ಬಲ್ಬುಗಳು ಸುಟ್ಟಿದ್ದು ಅವರ ಲೆಕ್ಕಕ್ಕಿಲ್ಲ. ಎತ್ತರದ ಸ್ಟೂಲಾದರೂ ಕೊಡಿ ಎಂದರೆ, ಹೆಣ್ಣುಮಕ್ಕಳು ಕಾಲು ಇಳಿಬಿಟ್ಟುಕೊಂಡು ಕೂತರೆ ನೋಡಲು ಸರಿಯಿರುವುದಿಲ್ಲವಂತೆ.

ಕೊನೆಗೆ ಒಂದು ಕಾಗದ ಮುಂದಿಟ್ಟರು. ಮನೆಗೆಲಸದಿಂದ ಕೈನೋವು ಬಂದಿರುವ ಕಾರಣ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಟೈಪ್ ಆಗಿತ್ತು. ಸಹಿ ಮಾಡಿ ಎಂದರು.

"ಸಹಿ ಮಾಡಾಕ ಕೈ ಏಳವಲ್ದು ರೀ ಸಾರ್," ಎಂದು ಹೊರಗೆ ಬಂದೆ. ಬಸಕ್ಕ ಇಡೀ ದಿನ ನಕ್ಕಳು.

ಬಿಡುವುದಿಲ್ಲ ಅಕ್ಕಾ. ಈ ಕುರ್ಚಿಯಲ್ಲಿ ಕೂತಾಗಲೇ ನನಗೆ ನನ್ನ ಹೆಸರು ನೆನಪಾಗುವುದು. ಕೈ ಕೊಟ್ಟು ಅದನ್ನು ಉಳಿಸಿಕೊಳ್ಳುವುದೂ ಇಲ್ಲ, ಅದನ್ನು ಕೊಟ್ಟು ಕೈ ಉಳಿಸಿಕೊಳ್ಳುವುದೂ ಇಲ್ಲ. ನನಗೆ ಎರಡೂ ಬೇಕು.

ನೀನು ಆಫೀಸು ಎಲ್ಲಿ, ಸಾಹೇಬರು ಯಾರು ಎಂದೆಲ್ಲ ಕೇಳಿದ್ದು ಓದಿ ಮನಸ್ಸು ತುಂಬಿತು. ನಮ್ಮ ಕಡೆಯವರು ಯಾರೂ ಇಷ್ಟು ವಿಚಾರಿಸಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೇ ಇದೆ, ನೀಲಿ ಬಾಗಿಲು.

ಚೆನ್ನಿ

*

ಕಂಪ್ಲಿ
6 ಆಗಸ್ಟ್ 1997

ಚೆನ್ನೀ,

ಕಾಲುವೆಗೆ ನೀರು ಬಂದು ನಾಟಿ ಜೋರಾಗಿದೆ, ಬರೆಯಲು ಬಿಡುವಿಲ್ಲ. ನಾಲ್ಕು ಮಾತು ಹೇಳುತ್ತೇನೆ, ಸಿಟ್ಟಾಗಬೇಡ.

ದುಡಿಯುವ ಕಡೆ ಜಗಳ ಒಳ್ಳೆಯದಲ್ಲ. ನಿನ್ನ ಕೈ ಹೋಗಿದೆ ಎಂದು ಡಾಕ್ಟರೇ ಹೇಳಿದ ಮೇಲೆ ಹಟ ಯಾಕೆ? ಮರ್ಯಾದೆಯಿಂದ ಬಿಟ್ಟು ಇಲ್ಲಿಗೆ ಬಾ. ಎರಡು ತಿಂಗಳು ನಾನು ನೋಡಿಕೊಳ್ಳುತ್ತೇನೆ, ಒಂದು ಕಡ್ಡಿ ಎತ್ತಿಡಬೇಡ. ತಿರುಮಲ ಸಾಹೇಬರು ಕೆಟ್ಟವರಲ್ಲ. ಬಂದವರಿಗೆ ಮೊದಲು ಕುರ್ಚಿ ತೋರಿಸಿ ಆಮೇಲೆ ಮಾತಾಡುತ್ತಾರೆ, ಅದೂ ಮೆತ್ತಗೆ. ಬೆನ್ನ ಹಿಂದೆ ಅಷ್ಟು ದೊಡ್ಡ ರಾಯರ ಫೋಟೋ ಇಟ್ಟುಕೊಂಡವರು ಯಾರ ಹೊಟ್ಟೆಯ ಮೇಲಾದರೂ ಹೊಡೆಯುತ್ತಾರೆಯೇ?

ಯೋಚಿಸು. ನಿನ್ನ ಕೈಗಿಂತ ನನಗೆ ಏನೂ ಹೆಚ್ಚಲ್ಲ.

ವಿರುಪಮ್ಮ

*

ಟಿ.ಬಿ. ಡ್ಯಾಂ
10 ಆಗಸ್ಟ್ 1997

ಅಕ್ಕಾ,

ತಿರುಮಲ ಸಾರ್ ಬಂದವರಿಗೆ ಕುರ್ಚಿ ತೋರಿಸುತ್ತಾರೆ ಎಂದು ನಾನು ಬರೆದಿಲ್ಲ. ರಾಯರ ಫೋಟೋ ಎಷ್ಟು ದೊಡ್ಡದು ಎಂದೂ ಬರೆದಿಲ್ಲ.

ನಿನ್ನ ಕಾಗದ ಬಂದದ್ದು ನಿನ್ನೆ ಬೆಳಿಗ್ಗೆ. ಆಫೀಸಿಗೆ ಹೋದವಳೇ ಗಂಗಾಬಾಯಿಯನ್ನು ಕೇಳಿದೆ.

"ಹೋದ ವಾರ ನೀವು ದವಾಖಾನಿಗೆ ಹೋದ ದಿನ ಒಬ್ಬಾಕಿ ಬಂದಿದ್ಲು ನೋಡ್ರಿ," ಎಂದರು. "ಮೂಗು ನಿಮ್ಮಂಗ ಇತ್ತು. ಸಂಗಡ ಎತ್ತರದ್ದೊಂದು ಹುಡುಗಿ, ಕೈಯಾಗ ಕಟ್ಟು ಹಾಕ್ಸಿದ ಸರ್ಟಿಫಿಕೇಟು. ಗ್ವಾಡಿಂದ ಕಿತ್ಕಂಡು ಬಂದಂಗಿತ್ತು. ನಿಮ್ಮ ಮೇಜು ಯಾವುದು ಅಂತ ಕೇಳಿ, ಹೋಗಿ ನಿಂತು ನೋಡಿದ್ರು."

ನಾಟಿ ಬಿಟ್ಟು ಬಂದಿದ್ದೀ. ಬಸ್ ಸ್ಟ್ಯಾಂಡಿನಿಂದ ನೀಲಿ ಬಾಗಿಲಿಗೆ ದಾರಿ ನಾನೇ ಬರೆದು ಕಳಿಸಿದ್ದೆ. ಅಲ್ಲಿಂದ ನಮ್ಮ ಕ್ವಾರ್ಟರ್ಸಿಗೆ ಎಷ್ಟು ದೂರ ಎಂದು ಮಾತ್ರ ನೀನು ಕೇಳಿರಲಿಲ್ಲ.

ನನ್ನ ಕುರ್ಚಿ ಖಾಲಿಯಾಗಿಲ್ಲ. ಖಾಲಿಯಾಗುವುದೂ ಇಲ್ಲ.

ಚೆನ್ನಬಸಮ್ಮ

*

ಕಂಪ್ಲಿ
16 ಸೆಪ್ಟೆಂಬರ್ 1997

ಚೆನ್ನಬಸಮ್ಮನಿಗೆ,

ತಿಂಗಳಿಗೂ ಮೇಲಾಯಿತು. ಮೊದಲು ಹೆದರಿ ಬರೆಯಲಿಲ್ಲ. ಆಮೇಲೆ ಸಿಟ್ಟಿಗೆ ಬರೆಯಲಿಲ್ಲ. ಈಗ ಹೆದರಿಕೆ ಹೋಗಿದೆ, ಸಿಟ್ಟು ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ಬಂದಿದ್ದೆ. ಕದ್ದು ಬಂದಿದ್ದೆ. ನಿನಗೆ ಗೊತ್ತಾಗಬಾರದೆಂದೇ ಬಂದಿದ್ದೆ. ಅರಿಶಿನ ಕುಂಕುಮ ಕೊಟ್ಟು, ಉಡಿ ತುಂಬಿ ಕೂರಿಸುತ್ತೇನೆ ಎಂದು ಬರೆದವಳು ನೀನು. ಹೊಳೆಮ್ಮ ಅದನ್ನು ಓದಿದಾಗ ಅವಳ ಮುಖ ನೀನು ನೋಡಬೇಕಿತ್ತು. ಅದು ಚೇಷ್ಟೆಗೆ ಬರೆದದ್ದು ಎಂದು ನಮಗೆ ಹೇಗೆ ಗೊತ್ತಾಗಬೇಕು? ನಮ್ಮ ಮನೆಯಲ್ಲಿ ಯಾರೂ ಕುರ್ಚಿಯ ಬಗ್ಗೆ ಚೇಷ್ಟೆ ಮಾಡುವುದಿಲ್ಲ, ಯಾಕೆಂದರೆ ಯಾರಿಗೂ ಕುರ್ಚಿ ಇಲ್ಲ.

ಸಾಹೇಬರು ಏನಂದರು ಕೇಳು: "ನಿಮ್ಮ ತಂಗಿ ತಾವೇ ಬಿಡ್ತೀನಿ ಅಂದಾರ. ದಸರಾ ಮುಗೀಲಿ, ನಿಮ್ಮ ಮಗಳು ಬರ್ಲಿ." ಹೇಗೂ ಬಿಡುತ್ತಾಳೆ, ಆ ಜಾಗ ಊರವರಿಗೆ ಹೋಗುವ ಬದಲು ನಮ್ಮ ಹುಡುಗಿಗೆ ಆಗಲಿ ಎಂದುಕೊಂಡೆ. ಅದರಲ್ಲಿ ಏನು ತಪ್ಪಿದೆ? ಚಿಗವ್ವ ನೀನಿರುವ ಊರು ಎಂದರೆ ಮಾತ್ರ ನಿಮ್ಮ ಭಾವ ಅವಳನ್ನು ಹೊಸಿಲು ದಾಟಿಸುತ್ತಾನೆ. ಇಲ್ಲದಿದ್ದರೆ ಬರುವ ಸುಗ್ಗಿಗೆ ವಡ್ಡುವಿನ ಮನೆಯಲ್ಲಿ ಇರುತ್ತಾಳೆ.

ಕಾಲುವೆ ನೀರು ಬಂದು ಈ ಮನೆಗೆ ಎರಡು ಬೆಳೆ ಬಂತು. ನಿಮ್ಮ ಭಾವನಿಗೆ ಟ್ರ್ಯಾಕ್ಟರ್ ಬಂತು. ನನಗೆ ಬಂದದ್ದು ಬೆರಳ ಸಂದಿಯಲ್ಲಿ ಕೆಸರು ಹುಣ್ಣು. ನಾನು ಗದ್ದೆಯ ಮಡಿಯಲ್ಲಿ ಬಗ್ಗಿ ನಿಂತಿದ್ದಕ್ಕೇ ನೀನು ಸಾಲೆಯ ಬೆಂಚಿನ ಮೇಲೆ ನೆಟ್ಟಗೆ ಕೂತೆ. ನಾನು ಕೇಳಿದ್ದು ನನಗಾಗಿ ಅಲ್ಲ. ಕೇಳಿದ್ದಕ್ಕೆ ನನಗೆ ನಾಚಿಕೆಯೂ ಇಲ್ಲ.

ನಿನ್ನ ಮನೆಗೆ ಬರದೆ ಹೋದದ್ದಕ್ಕೆ ಮಾತ್ರ ದಾರಿಯುದ್ದಕ್ಕೂ ಹೊಳೆಮ್ಮನ ಮುಖ ನೋಡಲಾಗಲಿಲ್ಲ.

ವಿರುಪಮ್ಮ

*

ಟಿ.ಬಿ. ಡ್ಯಾಂ
21 ಸೆಪ್ಟೆಂಬರ್ 1997

ಅಕ್ಕಾ,

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಮುಂಗೈ ಬಗ್ಗದಂತೆ ಪಟ್ಟಿ ಹಾಕಿದ್ದಾರೆ. ಅದನ್ನು ಹಾಕಿಕೊಂಡೇ ಆಫೀಸಿಗೂ ಹೋಗುತ್ತೇನೆ. ಎಡಗೈಯಲ್ಲಿ ಹೊಡೆದರೆ ಅರ್ಧ ಕೆಲಸ ಆಗುತ್ತದೆ. ಅರ್ಧಕ್ಕೆ ಸಾರ್ ಮುಖ ಪೂರ್ತಿ ಗಂಟು.

ನಾನು ಬಿಡುತ್ತೇನೆ ಎಂದು ಯಾರಿಗೂ ಹೇಳಿಲ್ಲ. ನಿನಗೆ ಹಾಗೆ ಹೇಳಿದ ಮನುಷ್ಯ, ನಿನ್ನ ಮಗಳು ಕಾದಿದ್ದಾಳೆ ಎಂದು ನನಗೆ ಹೇಳಲಿಲ್ಲ. ದಸರೆಯೊಳಗೆ ಸಹಿ ಮಾಡಬೇಕೆಂದು ಮಾತ್ರ ಹೇಳಿದ್ದಾರೆ. ಇಲ್ಲದಿದ್ದರೆ ತಾವೇ ತೆಗೆಯುತ್ತಾರಂತೆ.

ನೀನು ಬಗ್ಗಿ ನಿಂತಿದ್ದಕ್ಕೆ ನಾನು ಓದಿದೆ, ನಿಜ. ಆ ಋಣವನ್ನು ಇನ್ನು ಹೇಗಾದರೂ ತೀರಿಸೇನು, ನನ್ನ ಕುರ್ಚಿ ಬಿಟ್ಟುಕೊಟ್ಟು ಮಾತ್ರ ತೀರಿಸಲಾರೆ. ಕೊಟ್ಟರೂ ಏನಾಗುತ್ತದೆ, ಯೋಚಿಸು. ಹೊಳೆಮ್ಮ ನನಗಿಂತ ಎತ್ತರವೇನೋ ಹೌದು, ಆದರೂ ಆ ಮೇಜು ಅವಳಿಗೂ ಒಂದು ಗೇಣು ಹೆಚ್ಚೇ. ಬರುವ ವರ್ಷ ಇಷ್ಟು ಹೊತ್ತಿಗೆ ನೀನು ಅವಳಿಗೂ ಔಡಲೆಣ್ಣೆ ಕಳಿಸುತ್ತಿರುತ್ತೀ. ಆಗ ಬೇರೆ ಯಾರೋ ಒಬ್ಬ ಅವ್ವ ತನ್ನ ಮಗಳನ್ನು ಕರೆದುಕೊಂಡು ನೀಲಿ ಬಾಗಿಲಿಗೆ ಬರುತ್ತಾಳೆ.

ಇನ್ನೊಂದು ಮಾತು. ಬಸಕ್ಕ ಮುಂಗೈಗೆ ಕಟ್ಟಿಕೊಂಡಿದ್ದ ಕೆಂಪು ಬಟ್ಟೆಯನ್ನು ನಾವೆಲ್ಲ ಹುಲಿಗೆಮ್ಮನ ಹರಕೆ ಎಂದುಕೊಂಡಿದ್ದೆವು. ನನ್ನ ಪಟ್ಟಿ ನೋಡಿದ ಮೇಲೆ ಬಿಚ್ಚಿ ತೋರಿಸಿದಳು. ಒಳಗೆ ಕಾಯಿಸಿದ ಎಕ್ಕದ ಎಲೆ. "ಹರಕಿ ಅಂದ್ರ ಕೆಲಸದಾಗ ಇಟ್ಕೋತಾರ, ನೋವು ಅಂದ್ರ ಕಳಸ್ತಾರ," ಎಂದಳು. ಗಂಗಾಬಾಯಿ ಎರಡು ತಿಂಗಳಿಂದ ದೇವರ ಗಂಧ ತೇಯುವುದನ್ನು ಸೊಸೆಗೆ ಬಿಟ್ಟಿದ್ದಾರೆ, ಮಡಿಯ ನೆಪ ಹೇಳಿ. ಒಂದೇ ಸಾಲಿನಲ್ಲಿ ಕೂತು ಒಬ್ಬರಿಂದೊಬ್ಬರು ಕೈ ಮುಚ್ಚಿಟ್ಟುಕೊಂಡಿದ್ದೇವೆ.

ಈಗ ಒಂದು ಕೇಳುತ್ತೇನೆ. ಸಿಟ್ಟು ಇಟ್ಟುಕೊಂಡೇ ಮಾಡು. ಯಂತ್ರ ಕದಲಬಾರದು ಎನ್ನುತ್ತಾರೆ. ಕದಲದಿರಲಿ. ಮೇಜಿನ ಕಾಲು ಗಿಡ್ಡವಾಗಬಾರದು ಎಂದು ಯಾರೂ ಹೇಳಿಲ್ಲ. ಇಲ್ಲಿನ ಬಡಿಗೇರನನ್ನು ಕೇಳಿದೆ, ಪೂಜೆಯಾದ ಮೇಜಿಗೆ ಗರಗಸ ಹಚ್ಚುವುದಿಲ್ಲ ಎಂದು ಕಿವಿ ಹಿಡಿದುಕೊಂಡ. ನಿಮ್ಮ ಗಾಡಿಗಳನ್ನು ಮಾಡುವ ಎರ್ರಿಯಪ್ಪನಿಗೆ ಅಂಥ ಭಯವಿಲ್ಲ, ನನಗೆ ಗೊತ್ತು. ಬನ್ನಿ ಹಬ್ಬದ ದಿನ ಬೆಳಿಗ್ಗೆ ಅವನನ್ನು ನೀಲಿ ಬಾಗಿಲಿಗೆ ಕಳಿಸು. ಆಯುಧ ಪೂಜೆಯ ದಿನ ಯಾವ ಯಂತ್ರವನ್ನೂ ಮುಟ್ಟುವ ಹಾಗಿಲ್ಲ. ಮರುದಿನ ಸಾರ್ ಮುಹೂರ್ತಕ್ಕೆಂದು ತಡವಾಗಿ ಬರುತ್ತಾರೆ. ಬಾಗಿಲಿಗೆ ರಂಗೋಲಿ ಹಾಕುವ ಗಂಗಾಬಾಯಿಯ ಹತ್ತಿರ ಬೀಗದ ಕೈ ಇರುತ್ತದೆ.

ಚೆನ್ನಿ

*

ಕಂಪ್ಲಿ
3 ಅಕ್ಟೋಬರ್ 1997

ಚೆನ್ನೀ,

ಎರ್ರಿಯಪ್ಪ ಬರುವುದಿಲ್ಲ. ಕಬ್ಬಿನ ಗಾಡಿಗಳ ಕೆಲಸ ಬಿದ್ದಿದೆ. ಗರಗಸ ಯಾರಿಗೂ ಕೊಡುವುದಿಲ್ಲ, ಅದು ತನ್ನ ಹೆಂಡತಿಗಿಂತ ಹೆಚ್ಚು ಎನ್ನುತ್ತಾನೆ. ನನ್ನ ಕೈಯಲ್ಲಿ ಏನೂ ಆಗುವುದಿಲ್ಲ.

ಹಬ್ಬಕ್ಕೆ ಕೈ ಜೋಪಾನ.

ವಿರುಪಮ್ಮ

*

ಟಿ.ಬಿ. ಡ್ಯಾಂ
14 ಅಕ್ಟೋಬರ್ 1997

ಅಕ್ಕಾ, ಸುಳ್ಳುಗಾರ್ತಿ,

ನಿನ್ನ ಕಾಗದ ನಂಬಿ ಬನ್ನಿ ಹಬ್ಬದ ದಿನ ಅಡಿಗೆಮನೆಯ ಕತ್ತಿ ಕಟ್ಟಿಕೊಂಡು ಹೋಗಿದ್ದೆ. ಗಂಗಾಬಾಯಿ ಬಾಗಿಲು ತೆಗೆದಿದ್ದರು. ಬಸಕ್ಕ ನನ್ನ ಕತ್ತಿ ನೋಡಿ, "ಇದ್ರಾಗ ಬದನಿಕಾಯಿನೂ ಹೆಚ್ಚಾಕ ಆಗಂಗಿಲ್ಲ," ಎಂದಳು. ಅಷ್ಟರಲ್ಲಿ ಕಂಪ್ಲಿ ಬಸ್ಸಿನಿಂದ ಇಳಿದು ನಿನ್ನ ಮಗಳು ರಸ್ತೆ ದಾಟಿದಳು. ಕಂಕುಳಲ್ಲಿ ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯ ಸಾಮಾನು.

"ಚಿಗವ್ವ, ಬನ್ನಿ ಕೊಟ್ಟು ಬಾ ಅಂತ ಅವ್ವ ಕಳಸ್ಯಾಳ. ಅಪ್ಪಗ ಗೊತ್ತಿಲ್ಲ, ಎರ್ರಿಯಪ್ಪಗೂ ಗೊತ್ತಿಲ್ಲ. ಕಂಡಕ್ಟರ್ ವೀಣಿ ಏನವ್ವ ಅಂದ. ಹೂಂ ರೀ, ಹಲ್ಲದಾವ, ಮುಟ್ಟಬ್ಯಾಡ್ರಿ ಅಂದೆ."

ಗಂಗಾಬಾಯಿ ಮಾತ್ರ ಹಿಂದೆ ಸರಿದರು. ಮೇಜು ಕೊಯ್ಯಬೇಕಾದರೆ ಯಂತ್ರ ಕೆಳಗಿಳಿಸಬೇಕು, ಇಳಿಸಿದರೆ ಕದಲಿಸಿದ ಹಾಗೆ. ಕೊನೆಗೆ ಮೇಲೆ ನೋಡಿದವರೂ ಅವರೇ. ನಕ್ಷೆ ಬರೆಯುವವರಿಗೆ ದೀಪ ತೂಗುಹಾಕಲು ಬಿಟ್ಟ ಕಬ್ಬಿಣದ ಕೊಂಡಿಗಳು ಪ್ರತಿ ಮೇಜಿನ ನೇರಕ್ಕೆ ಇವೆ.

"ಗೋಕುಲಾಷ್ಟಮಿಗೆ ಕೃಷ್ಣನ್ನ ತೊಟ್ಟಿಲಿಗೆ ಹಾಕ್ತೀವಿ," ಎಂದರು. "ಕದಲಿಸಿದ್ವಿ ಅಂತ ಯಾರಾರ ಅಂದಾರೇನು? ಒಂದು ಹಳೇ ಸೀರಿ ಕೊಡ್ರಿ."

ಬಸಕ್ಕ ಮೇಜು ಒರೆಸುವ ಹತ್ತಿಯ ಸೀರೆ ತಂದಳು. ತಂತಿ ಕಿತ್ತು, ಕಂಪ್ಯೂಟರನ್ನು ಜೋಲಿಯಲ್ಲಿ ಹಾಕಿ, ಅದೇ ಜಾಗದ ಮೇಲೆ, ಪೂರ್ವಕ್ಕೇ ಮುಖ ಮಾಡಿಸಿ ತೂಗುಬಿಟ್ಟೆವು. ಗಂಗಾಬಾಯಿ ಅದು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು ಜೋಗುಳದ ಹಾಗೆ ಏನೋ ಗುನುಗುತ್ತಿದ್ದರು. ಹೊಳೆಮ್ಮ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕೈಯಿಂದ ಮುಂಗೈ ನೆಟ್ಟಗೆ ಹಿಡಿಸಿ, ಅದರ ಮಟ್ಟಕ್ಕೆ ಕಾಲುಗಳಿಗೆ ಸುಣ್ಣದ ಗೆರೆ ಎಳೆದಳು. ಅಳೆದು ನೋಡಿದರೆ ಸರಿಯಾಗಿ ಗೇಣು.

ಹಳೆಯ ತೇಗ. ನಿನ್ನ ಮಗಳ ತೋಳಿನಲ್ಲಿ ಬಲ ಇದೆ ಅಕ್ಕಾ. ಮೇಜಿನ ಕೆಳಗೆ ಮಂಡಿಯೂರಿ ಅವಳೂ ಬಸಕ್ಕನೂ ಹಿಡಿ ಬದಲಿಸಿಕೊಂಡು ಮೂರು ಕಾಲು ಕೊಯ್ದರು. ಮುಗಿದ ಕಾಲಿನ ಕೆಳಗೆ ಅದರದೇ ತುಂಡು ಇಟ್ಟು ಮೇಜು ನಿಲ್ಲಿಸಿಕೊಂಡಿದ್ದೆವು. ಆಗ ತಿರುಮಲ ಸಾರ್ ಬಂದರು. ಜರಿಯಂಚಿನ ಪಂಚೆ, ಕೈಯಲ್ಲಿ ಹೂವಿನ ಹಾರ. ಸೀರೆಯಲ್ಲಿ ತೂಗುತ್ತಿದ್ದ ಕಂಪ್ಯೂಟರ್ ನೋಡಿ ಹಾರ ಕೆಳಗೆ ಬಿತ್ತು.

"ಏನ್ ನಡಸೀರಿ ಇದು? ನಿಲ್ಲಸ್ರಿ! ನಿಲ್ಲಸ್ರಿ ಅಂದ್ರ!"

"ನಿಲ್ಲಸ್ತೀವ್ರಿ ಸಾರ್," ಎಂದೆ. "ಮೂರು ಕಾಲು ಆಗ್ಯಾವು. ಇಲ್ಲಿಗೇ ನಿಲ್ಲಿಸಿದ್ರ ನಿಮ್ಮ ಮೇಜು ವಾಲ್ತದ, ಯಂತ್ರ ಜೋಲಿಯಾಗ ಉಳೀತದ. ಇಳಸಾಕ ಜಾಗ ಇರಂಗಿಲ್ಲ. ನೀವ ಹೇಳ್ರಿ."

ಅವರು ಮೇಜು ನೋಡಿದರು, ಜೋಲಿ ನೋಡಿದರು. ಗಂಗಾಬಾಯಿ, "ಸೀರಿ ಹಳೇದೈತಿ, ಜಲ್ದಿ ಹೇಳ್ರಿ," ಎಂದರು.

ಸಾರ್ ಹಾರ ಎತ್ತಿಕೊಳ್ಳಲು ಬಗ್ಗಿದರು. ನಾನು ಕೆಳಗೆ ಕೂತು ನಾಲ್ಕನೆಯ ಕಾಲನ್ನು ಎಡಗೈಯಲ್ಲಿ ಕೊಯ್ದೆ. ಗರಗಸ ಸೊಟ್ಟ ಹೋಯಿತು, ಹೊಳೆಮ್ಮ ತಿದ್ದಿದಳು, ಮತ್ತೆ ನಾನೇ ಹಿಡಿದೆ. ಅವರ ಎದುರಿಗೇ ಕೊಯ್ದು ಮುಗಿಸಬೇಕಿತ್ತು ನನಗೆ. ತುಂಡು ಬಿದ್ದಾಗ ಒಳ್ಳೆಯ ಶಬ್ದ ಬಂತು.

ಯಂತ್ರ ಇಳಿಸಿ ತಂತಿ ಸಿಕ್ಕಿಸಿದೆವು. ಪರದೆ ಬೆಳಗಿತು. ಆಗ ಸಾರ್ ನನ್ನ ಕಡೆ ತಿರುಗಿದರು.

"ನಾಳೆಯಿಂದ ನೀವು ಕೆಲಸಕ್ಕ ಬರಬ್ಯಾಡ್ರಿ."

"ನಾಳೆ ಐತವಾರ ರೀ ಸಾರ್. ಸೋಮವಾರ ಬರ್ತೀನಿ."

ನಿನ್ನೆ ಹೋದೆ. ಹೊಳೆಮ್ಮನನ್ನೂ ಕರೆದುಕೊಂಡು ಹೋದೆ. ದಸರಾ ಮುಗಿಯಲಿ, ಬರಲಿ ಎಂದವರು ಅವರೇ ಅಲ್ಲವೇ? ಒಳಗೆ ಬಸಕ್ಕ, ಗಂಗಾಬಾಯಿ, ಮೂಲೆಯ ಮೂವರು ಹುಡುಗಿಯರು, ಎಲ್ಲರೂ ತಮ್ಮ ತಮ್ಮ ಮೇಜಿನ ಮುಂದೆ ನಿಂತಿದ್ದರು.

"ಯಾಕ ನಿಂತೀರಿ?" ಎಂದು ಸಾರ್ ಕೇಳಿದರು.

"ನಿಂತವರಿಗಂತ ಮಾಡಿದ ಮೇಜು ಇವು, ಅಲ್ಲೇನ್ರಿ ಸಾರ್," ಎಂದಳು ಬಸಕ್ಕ. "ಕುಂತವರ ಮೇಜು ಒಂದೇ ಐತಿ."

ಆ ಒಂದರ ಕಡೆ ಬೆರಳು ಮಾಡಿ ಸಾರ್ ಹೊಳೆಮ್ಮನಿಗೆ, "ನೀ ಕುಂದ್ರು. ಇವತ್ತಿಂದ ನಿಂದ," ಎಂದರು.

ನಿಜ ಹೇಳುತ್ತೇನೆ, ಆ ಕ್ಷಣ ನಿನ್ನನ್ನೂ ಅವಳನ್ನೂ ನಾನು ನಂಬಲಿಲ್ಲ. ಅವಳು ಹೋಗಿ ಕೂತೂಬಿಟ್ಟಳು. ಕೀಲಿಮಣೆಯ ಮೇಲೆ ಕೈ ಇಟ್ಟಳು. ಹಾಗೆ ಕೂತವಳು ಎಷ್ಟು ಚಂದ ಕಾಣುತ್ತಿದ್ದಳು ಎಂದು ನಿನಗೆ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ.

"ಮಸ್ತ್ ಐತ್ರಿ ಸಾರ್," ಎಂದಳು. "ಆದ್ರ ಇದು ಚಿಗವ್ವನ ಅಳತಿಗೆ ಕೊಯ್ದಿದ್ದು. ನನಗ ನನ್ನ ಅಳತಿದು ಬೇಕು." ಎದ್ದು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದಳು.

ಈ ತಿಂಗಳ ಕೊನೆಗೆ ದಫ್ತರುಗಳೆಲ್ಲ ಮುಗಿದಿರಬೇಕು. ನಿಂತ ಐವರನ್ನೂ ಕಳಿಸಿ ಹೊಸಬರನ್ನು ತರಲು ಸಾರಿಗೆ ಸಮಯವಿಲ್ಲ. ಅವರು ತಮ್ಮ ಕೋಣೆಯ ಬಾಗಿಲಿಗೆ ಹೋಗಿ ರಾಯರ ಫೋಟೋಕ್ಕೆ ಕೈ ಮುಗಿದರು. ಆಮೇಲೆ ಹೆಗಲ ಮೇಲೆ ಶಲ್ಯ ಹಾಕಿಕೊಂಡರು.

"ನಾನು ಊಟಕ್ಕ ಹೊಂಟೀನಿ. ಎರಡು ತಾಸು ಬರಂಗಿಲ್ಲ. ನಾ ಇಲ್ದಾಗ ಏನಾರ ಆದ್ರ ನನಗ ಗೊತ್ತಿಲ್ಲ," ಎಂದು ಗೋಡೆಗೆ ಹೇಳಿ ಹೋದರು. ಬೆಳಗಿನ ಹತ್ತು ಗಂಟೆಗೆ ಯಾರು ಊಟಕ್ಕೆ ಹೋಗುತ್ತಾರೆ ಹೇಳು.

ಎರಡು ತಾಸಿನಲ್ಲಿ ಎರಡು ಮೇಜು ಆದವು, ಬಸಕ್ಕನದು ಮತ್ತು ಗಂಗಾಬಾಯಿಯದು. ಸಾರ್ ವಾಪಸು ಬಂದು ನೆಲದ ಮೇಲಿನ ಹೊಟ್ಟು ದಾಟಿಕೊಂಡು ತಮ್ಮ ಕೋಣೆಗೆ ಹೋದರು. ಮೆತ್ತಗೆ ಮಾತಾಡುವುದನ್ನೂ ಬಿಟ್ಟಿದ್ದಾರೆ, ಮಾತೇ ಇಲ್ಲ. ಇವತ್ತೂ ನಾನು ಹೋಗಿ ಕೂತೆ, ಯಾರೂ ಏಳು ಎನ್ನಲಿಲ್ಲ.

ನನ್ನ ಕೈ ಪೂರ್ತಿ ಸರಿಹೋಗುವುದೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ಮೂರು ತಿಂಗಳು ನೋಡಿ, ಆಗದಿದ್ದರೆ ಕೊಯ್ದು ನರಕ್ಕೆ ದಾರಿ ಮಾಡುತ್ತಾರಂತೆ. ಮಾಡಲಿ. ಕೊಯ್ಯುವುದಕ್ಕೆ ನಾನು ಹೆದರುವುದಿಲ್ಲ ಎಂದು ಅವರಿಗೆ ಹೇಳಿದೆ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ದೀಪಾವಳಿಗೆ ನೀನೇ ಬಾ, ಮುಂದೆ ಕೂತು ಬೈಯಬೇಕು. ಈ ಸಲ ಬಸ್ ಇಳಿದು ಮೊದಲು ಕ್ವಾರ್ಟರ್ಸಿಗೆ. ಹೊಳೆಮ್ಮ ಇಲ್ಲೇ ಇರುತ್ತಾಳೆ. ನಾನು ಒಂದು ಕೈಯಲ್ಲಿ ಮಾಡಿ ಉಳಿಸಿದ ದಫ್ತರುಗಳನ್ನು ಸಂಜೆ ನಾನು ಎದ್ದ ಮೇಲೆ ಅವಳಿಗೆ ಕೊಡಿ ಎಂದು ನಾಳೆ ಕೇಳುತ್ತೇನೆ. ಸಾರ್ ಮಾತಾಡದಿದ್ದರೆ ಒಪ್ಪಿದರೆಂದೇ ತಿಳಿಯುತ್ತೇನೆ. ಭಾವನಿಗೆ ಏನು ಹೇಳಬೇಕೆಂದು ನಿನಗೆ ನಾನು ಕಲಿಸಬೇಕಾಗಿಲ್ಲ.

ಎರ್ರಿಯಪ್ಪ ಗರಗಸ ಕೇಳಿದರೆ ಕೊಡುವುದಿಲ್ಲವಂತೆ ಎನ್ನು. ಇನ್ನೂ ಮೂರು ಮೇಜು ಇವೆ.

ಚೆನ್ನಿ